ಹೆಚ್ಚುವರಿ ಮೆಗ್ನೀಸಿಯಂ-26 ಖನಿಜದ್ದೋ ಯಂತ್ರದ್ದೋ: ಉಲ್ಕಾಶಿಲೆಗಳ ಐಸೊಟೋಪು ಅಳತೆಯ ದೋಷ ನಿವಾರಣೆ ಕೈಪಿಡಿ

ಭೂಮಿಯಲ್ಲೇ ಹುಟ್ಟಿದ ಪ್ಲಾಜಿಯೊಕ್ಲೇಸ್ (ಅಲ್ಯೂಮಿನಿಯಂ, ಕ್ಯಾಲ್ಸಿಯಂ ಇರುವ ಶಿಲಾಖನಿಜ) ಹರಳೊಂದನ್ನು ಮಾನಕವಾಗಿ, ಅಂದರೆ ಹೋಲಿಕೆಯ ಆಧಾರವಾಗಿ, ಇರಿಸಿ ಅಳೆದಾಗ ಅದರಲ್ಲಿ ಮೆಗ್ನೀಸಿಯಂ-26 ಹೆಚ್ಚುವರಿಯಾಗಿ ಕಂಡರೆ, ಉಲ್ಕಾಶಿಲೆಯ ಅಳತೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಏಕೆಂದರೆ ಆ ಹೆಚ್ಚಳಕ್ಕೆ ಕಾರಣವಾಗಬೇಕಾದ ಅಲ್ಯೂಮಿನಿಯಂ-26, ಭೂಮಿಯ ಯಾವ ಶಿಲೆಯೂ ಗಟ್ಟಿಯಾಗುವ ಮೊದಲೇ ಸಂಪೂರ್ಣವಾಗಿ ಕ್ಷಯಿಸಿ ಹೋಗಿತ್ತು. ಭೂಮಿಯ ಖನಿಜದಲ್ಲಿ ಅದರ ಕುರುಹು ಕಂಡಿತೆಂದರೆ ಕಂಡದ್ದು ಖನಿಜದಲ್ಲಲ್ಲ, ಯಂತ್ರದಲ್ಲಿ. ಅಂತಹ ಸಂದರ್ಭದಲ್ಲಿ ಎಲ್ಲಿಂದ ಹುಡುಕಲು ಆರಂಭಿಸಬೇಕು, ಯಾವುದನ್ನು ಮೊದಲು ಮುಟ್ಟಬಾರದು ಎಂಬುದನ್ನು ಈ ಬರಹದಲ್ಲಿ ವಿವರಿಸಲಾಗಿದೆ. ಮುಖ್ಯವಾಗಿ ಸೆಕೆಂಡರಿ ಅಯಾನ್ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಆಮ್ಲಜನಕದ ಋಣ ಅಯಾನುಗಳ ಕಿರಣದಿಂದ ಖನಿಜದ ಮೇಲ್ಮೈಯನ್ನು ಕೊರೆದು ಹೊರಬರುವ ಅಯಾನುಗಳನ್ನು ಅಳೆಯುವ ಯಂತ್ರದಲ್ಲಿ, ಎದುರಾಗುವ ದೋಷಗಳನ್ನು ಇಲ್ಲಿ ನೋಡಲಾಗಿದೆ. ದ್ರಾವಣದ ಮೂಲಕ ಅಳೆಯುವ ಪ್ಲಾಸ್ಮಾ ವಿಧಾನದ ತೊಂದರೆಗಳಿಗೆ ಕೊನೆಯ ಭಾಗದಲ್ಲಿ ಸ್ವಲ್ಪ ಜಾಗ ಕೊಡಲಾಗಿದೆ.

ಅಳೆಯುವುದೇನು, ಎಷ್ಟು ಸೂಕ್ಷ್ಮವಾಗಿ

ಮೆಗ್ನೀಸಿಯಂಗೆ ಮೂರು ಸ್ಥಿರ ಐಸೊಟೋಪುಗಳಿವೆ, ಅಂದರೆ ದ್ರವ್ಯರಾಶಿ ಬೇರೆಯಾದ ಮೂರು ಬಗೆಯ ಪರಮಾಣುಗಳಿವೆ. 24 ಶೇಕಡ 79ರಷ್ಟು, 25 ಶೇಕಡ 10ರಷ್ಟು, 26 ಶೇಕಡ 11ರಷ್ಟು. ಅಲ್ಯೂಮಿನಿಯಂ-26ರ ಅರ್ಧಾಯು ಸುಮಾರು 7 ಲಕ್ಷ ವರ್ಷ. ಅದು ಕ್ಷಯಿಸಿದಾಗ ಉಳಿಯುವುದು ಮೆಗ್ನೀಸಿಯಂ-26. ಮೆಕ್ಸಿಕೋದಲ್ಲಿ 1969ರ ಫೆಬ್ರವರಿಯಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆಯ ಬಿಳಿಯ ತುಣುಕುಗಳಲ್ಲಿ, ಅಲ್ಯೂಮಿನಿಯಂ ಹೆಚ್ಚಿದಷ್ಟೂ ಮೆಗ್ನೀಸಿಯಂ-26ರ ಹೆಚ್ಚಳವೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಲೀ, ಪಾಪನಸ್ಟಾಸಿಯು ಮತ್ತು ವಾಸರ್‌ಬರ್ಗ್ 1970ರ ದಶಕದ ನಡುವಿನಲ್ಲಿ ತೋರಿಸಿದರು. ಸೌರವ್ಯೂಹದ ಅತ್ಯಂತ ಹಳೆಯ ಘನಪದಾರ್ಥಗಳಾದ ಆ ತುಣುಕುಗಳು ರೂಪುಗೊಂಡಾಗ ಅಲ್ಯೂಮಿನಿಯಂ-27ರ ಪ್ರತಿ ಲಕ್ಷ ಪರಮಾಣುಗಳಿಗೆ ಸುಮಾರು 5 ಅಲ್ಯೂಮಿನಿಯಂ-26 ಪರಮಾಣುಗಳಿದ್ದವು.

ಈ ಸಂಖ್ಯೆಯಿಂದ ನಿರೀಕ್ಷಿತ ಹೆಚ್ಚಳವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ದೋಷ ಹುಡುಕಾಟದ ಮೊದಲ ಹೆಜ್ಜೆ. ಸ್ಪಿನೆಲ್ ಖನಿಜದಲ್ಲಿ ಒಂದು ಮೆಗ್ನೀಸಿಯಂಗೆ ಎರಡು ಅಲ್ಯೂಮಿನಿಯಂ ಇರುವುದರಿಂದ ಅಲ್ಯೂಮಿನಿಯಂ-27 ಮತ್ತು ಮೆಗ್ನೀಸಿಯಂ-24ರ ಅನುಪಾತ ಸುಮಾರು 2.53. ಲಕ್ಷಕ್ಕೆ 5.2 ಎಂದು ಹಿಡಿದರೆ ಅದರಲ್ಲಿ ಬರಬೇಕಾದ ಹೆಚ್ಚಳ ಸಾವಿರದಲ್ಲಿ 0.94 ಭಾಗ. ಸಾವಿರದಲ್ಲಿ ಒಂದು ಭಾಗವನ್ನು ಪ್ರಯೋಗಾಲಯದಲ್ಲಿ ಪರ್ ಮಿಲ್ ಎನ್ನುವುದು ರೂಢಿ, ಇಲ್ಲಿಯೂ ಹಾಗೆಯೇ ಬರೆಯಲಾಗಿದೆ. ಅದೇ ತುಣುಕಿನ ಅನಾರ್ಥೈಟ್‌ನಲ್ಲಿ (ಕ್ಯಾಲ್ಸಿಯಂ ತುಂಬಿದ ಪ್ಲಾಜಿಯೊಕ್ಲೇಸ್‌ನಲ್ಲಿ) ಆ ಅನುಪಾತ 300 ಇದ್ದರೆ ಹೆಚ್ಚಳ 110 ಪರ್ ಮಿಲ್‌ನ ಆಸುಪಾಸಿಗೆ ಏರುತ್ತದೆ. ಆದರೆ ಕೆಲವು ದಶಲಕ್ಷ ವರ್ಷ ತಡವಾಗಿ ಹರಳುಗಟ್ಟಿದ ಆಂಗ್ರೈಟ್ ಗುಂಪಿನ ಉಲ್ಕಾಶಿಲೆಗಳಲ್ಲಿ ಅಲ್ಯೂಮಿನಿಯಂ-26 ಕೋಟಿಗೆ 5ರ ಮಟ್ಟಕ್ಕೆ ಇಳಿದಿತ್ತು. ಅಲ್ಲಿ ಅನುಪಾತ 300 ಇರುವ ಪ್ಲಾಜಿಯೊಕ್ಲೇಸ್ ಕೂಡ ಕೊಡುವುದು ಸುಮಾರು 1.1 ಪರ್ ಮಿಲ್ ಮಾತ್ರ. ಆದ್ದರಿಂದ ಅರ್ಧ ಪರ್ ಮಿಲ್ ದೋಷವೊಂದು ಅಯೆಂಡೆಯ ಅನಾರ್ಥೈಟ್‌ನಲ್ಲಿ ಗಮನಕ್ಕೇ ಬಾರದೆ ಹೋಗಬಹುದು, ಆಂಗ್ರೈಟ್‌ನಲ್ಲಿ ಅದೇ ದೋಷ ಕಾಲಮಾನವನ್ನೇ ಬುಡಮೇಲು ಮಾಡುತ್ತದೆ.

ಯಂತ್ರವನ್ನು ಮುಟ್ಟುವ ಮೊದಲು: ಸುಳ್ಳು ಹೇಳುತ್ತಿರುವ ಐಸೊಟೋಪು ಯಾವುದು

ಫಲಿತಾಂಶ ಸರಿಯಿಲ್ಲವೆಂದು ತಿಳಿದ ಕೂಡಲೇ ಕಿರಣವನ್ನು ಮತ್ತೆ ಹೊಂದಿಸುವುದು, ಅಯಾನುಗಳನ್ನು ಹಿಡಿದು ಅಳೆಯುವ ಡಿಟೆಕ್ಟರಿನ ವೋಲ್ಟೇಜ್ ಬದಲಿಸುವುದು, ಅಯಾನುಗಳು ಹಾಯುವ ಕಿರುಗಂಡಿಯಾದ ಸ್ಲಿಟ್ಟನ್ನು ಸರಿಸುವುದು ಎಲ್ಲರ ಕೈಯೂ ಮಾಡುವ ಕೆಲಸ. ಹಾಗೆ ಮಾಡಿದರೆ ದೋಷದ ಸಾಕ್ಷ್ಯ ಅಳಿಸಿಹೋಗುತ್ತದೆ. ಮೂರು ಐಸೊಟೋಪುಗಳಿರುವುದು ನಮಗೆ ಸಿಕ್ಕ ದೊಡ್ಡ ಅನುಕೂಲ. ದೋಷ ಯಾವ ಐಸೊಟೋಪಿನ ಮೇಲೆ ಕೂತಿದೆ ಎಂಬುದು ಅಂಕಿಗಳ ದಿಕ್ಕಿನಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ.

25 ಮತ್ತು 24ರ ಅನುಪಾತವು ಮಾನಕಕ್ಕಿಂತ ಎಷ್ಟು ಪರ್ ಮಿಲ್ ಬೇರೆಯಾಗಿದೆ ಎಂಬುದನ್ನು ಡೆಲ್ಟಾ-25 ಎಂದೂ, 26 ಮತ್ತು 24ರದನ್ನು ಡೆಲ್ಟಾ-26 ಎಂದೂ ಕರೆಯೋಣ. ಯಂತ್ರದಲ್ಲಾಗಲಿ ಪ್ರಕೃತಿಯಲ್ಲಾಗಲಿ ದ್ರವ್ಯರಾಶಿಗೆ ಅನುಗುಣವಾಗಿ ನಡೆಯುವ ಬೇರ್ಪಡಿಕೆಯಲ್ಲಿ ಡೆಲ್ಟಾ-25, ಡೆಲ್ಟಾ-26ರ ಸುಮಾರು 0.511 ಪಟ್ಟು ಇರುತ್ತದೆ. ಆ ಪಾಲನ್ನು ಕಳೆದು ಉಳಿದದ್ದೇ ನಾವು ಬೆಲೆ ಕೊಡುವ ಹೆಚ್ಚಳ: ಡೆಲ್ಟಾ-26ರಿಂದ ಡೆಲ್ಟಾ-25ರ 1.957 ಪಟ್ಟನ್ನು ಕಳೆಯಬೇಕು. ನಿಖರ ಲೆಕ್ಕದಲ್ಲಿ ಘಾತೀಯ ಸೂತ್ರವನ್ನು ಬಳಸಬೇಕಾದರೂ ದೋಷ ಪತ್ತೆಗೆ ಈ ಸರಳ ರೂಪವೇ ಸಾಕು.

ಈಗ ಒಂದೊಂದೇ ಐಸೊಟೋಪಿನ ಮೇಲೆ ಒಂದು ಪರ್ ಮಿಲ್ ಹುಸಿ ಸಂಕೇತ ಸೇರಿತೆಂದು ಭಾವಿಸಿ ನೋಡೋಣ. ಅದು 26ರ ಮೇಲೆ ಸೇರಿದರೆ ಡೆಲ್ಟಾ-25 ಅಲುಗುವುದಿಲ್ಲ, ಹೆಚ್ಚಳ ನೇರವಾಗಿ 1 ಪರ್ ಮಿಲ್ ಏರುತ್ತದೆ. 25ರ ಮೇಲೆ ಸೇರಿದರೆ ಡೆಲ್ಟಾ-25 ಒಂದು ಏರಿ, ಹೆಚ್ಚಳ 1.96 ಪರ್ ಮಿಲ್ ಕುಸಿಯುತ್ತದೆ, ಅಂದರೆ ದೋಷ ಸುಮಾರು ಇಮ್ಮಡಿಯಾಗಿ ವಿರುದ್ಧ ದಿಕ್ಕಿನಲ್ಲಿ ಕಾಣಿಸುತ್ತದೆ. 24ರ ಮೇಲೆ ಸೇರಿದರೆ ಎರಡೂ ಡೆಲ್ಟಾಗಳು ಸಮನಾಗಿ ಒಂದೊಂದು ಇಳಿಯುತ್ತವೆ, ಹೆಚ್ಚಳ ಮಾತ್ರ 0.96 ಪರ್ ಮಿಲ್ ಏರಿದಂತೆ ತೋರುತ್ತದೆ. ದೋಷವು ಬರೀ ದ್ರವ್ಯರಾಶಿ ಬೇರ್ಪಡಿಕೆಯದ್ದಾದರೆ ಡೆಲ್ಟಾಗಳೆರಡೂ 1 ಮತ್ತು 1.96ರ ಪ್ರಮಾಣದಲ್ಲಿ ಚಲಿಸುತ್ತವೆ, ಹೆಚ್ಚಳ ಶೂನ್ಯದಲ್ಲೇ ಉಳಿಯುತ್ತದೆ.

ಇದನ್ನು ಓದುವಾಗ ಒಂದು ತೊಡಕನ್ನು ಮರೆಯಬಾರದು. ಯಂತ್ರದ ದ್ರವ್ಯರಾಶಿ ಬೇರ್ಪಡಿಕೆ ಖನಿಜದಿಂದ ಖನಿಜಕ್ಕೆ ಹಲವು ಪರ್ ಮಿಲ್ ಬದಲಾಗುತ್ತದೆ. ಹಾಗಾಗಿ ಅರ್ಧ ಪರ್ ಮಿಲ್‌ನಷ್ಟು ಇಳಿದ ಡೆಲ್ಟಾ-25 ಆ ಏರಿಳಿತದಲ್ಲಿ ಮುಳುಗಿಹೋಗಬಹುದು. ಒಂದು ಬಿಂದುವನ್ನು ನೋಡಿ ತೀರ್ಪು ಕೊಡುವುದು ಸಾಧ್ಯವಿಲ್ಲ. ಒಂದೇ ಖನಿಜದ ಮೇಲೆ, ಯಾವುದಾದರೂ ಒಂದೇ ಸ್ಥಿತಿಯನ್ನು ಬದಲಿಸುತ್ತಾ, ಹತ್ತಾರು ಬಿಂದುಗಳು ಚಲಿಸುವ ದಿಕ್ಕನ್ನು ನೋಡಬೇಕು.

24ರ ಮೇಲಿನ ಹುಸಿ ಸಂಕೇತ: ಎರಡು ವಿದ್ಯುದಾವೇಶದ ಕ್ಯಾಲ್ಸಿಯಂ

ಎಲ್ಲ ದೋಷಗಳಿಗಿಂತ ಇದಕ್ಕೆ ಹೆಚ್ಚು ಜಾಗ ಕೊಡಲು ಕಾರಣವಿದೆ. ಬೇರೆ ದೋಷಗಳು ದತ್ತಾಂಶವನ್ನು ಕೆಡಿಸುತ್ತವೆ, ಇದು ದತ್ತಾಂಶವನ್ನು ಸುಂದರಗೊಳಿಸುತ್ತದೆ.

ಕ್ಯಾಲ್ಸಿಯಂ-48ರ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಹೊರಬಂದರೆ ಯಂತ್ರಕ್ಕೆ ಅದು 24ರ ಅಯಾನಿನಂತೆಯೇ ತೋರುತ್ತದೆ. ಅದರ ನಿಜವಾದ ಸ್ಥಾನ 23.9763, ಮೆಗ್ನೀಸಿಯಂ-24ರದು 23.9850. ಇವೆರಡನ್ನು ಬೇರ್ಪಡಿಸಲು ಸುಮಾರು 2,730ರ ವಿಭೇದನ ಶಕ್ತಿ (ದ್ರವ್ಯರಾಶಿಯನ್ನು ಅವೆರಡರ ನಡುವಿನ ವ್ಯತ್ಯಾಸದಿಂದ ಭಾಗಿಸಿದ ಸಂಖ್ಯೆ) ಬೇಕು. ಸಂಕೇತ ಹೆಚ್ಚಲಿ ಎಂದು ಸ್ಲಿಟ್ಟನ್ನು ಸ್ವಲ್ಪ ಅಗಲ ಮಾಡಿದರೆ, ಅಥವಾ ಅಯಸ್ಕಾಂತದ ಕ್ಷೇತ್ರ ರಾತ್ರಿಯಿಡೀ ನಿಧಾನವಾಗಿ ಜಾರಿ ಅಳತೆಯ ಬಿಂದು ಪೀಕಿನ (ಸಂಕೇತದ ಶಿಖರದ) ಹಗುರ ದ್ರವ್ಯರಾಶಿಯ ಅಂಚಿಗೆ ಸರಿದರೆ, ಕ್ಯಾಲ್ಸಿಯಂ ಒಳಗೆ ನುಸುಳುತ್ತದೆ.

ಅನಾರ್ಥೈಟ್‌ನಲ್ಲಿ ಎರಡು ಅಲ್ಯೂಮಿನಿಯಂಗೆ ಒಂದು ಕ್ಯಾಲ್ಸಿಯಂ ಖಚಿತ. ಆದ್ದರಿಂದ ಮೆಗ್ನೀಸಿಯಂ ಕಡಿಮೆಯಾದಂತೆ ಅಲ್ಯೂಮಿನಿಯಂ ಅನುಪಾತ ಎಷ್ಟು ಏರುತ್ತದೆಯೋ ಕ್ಯಾಲ್ಸಿಯಂ ಅನುಪಾತವೂ ಅಷ್ಟೇ ಏರುತ್ತದೆ, ಹುಸಿ ಹೆಚ್ಚಳವೂ ಅದರ ಹಿಂದೆಯೇ ಏರುತ್ತದೆ. ಅಲ್ಯೂಮಿನಿಯಂ ಅನುಪಾತದ ಎದುರು ಹೆಚ್ಚಳವನ್ನಿಟ್ಟ ನಕ್ಷೆಯಲ್ಲಿ ಬಿಂದುಗಳು ನೇರ ರೇಖೆಯ ಮೇಲೆ ಸಾಲಾಗಿ ಕೂರುತ್ತವೆ. ಅಲ್ಯೂಮಿನಿಯಂ-26 ಕ್ಷಯಿಸಿದ್ದರೆ ಹೇಗೆ ಕೂರಬೇಕಿತ್ತೋ ಹಾಗೆಯೇ ಕೂರುತ್ತವೆ. ರೇಖೆಯ ಹೊಂದಿಕೆ ಚೆನ್ನಾಗಿದೆ ಎಂಬುದು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಪ್ರಮಾಣದ ಅಂದಾಜು ಹೀಗಿದೆ. ಅಲ್ಯೂಮಿನಿಯಂ-27 ಮತ್ತು ಮೆಗ್ನೀಸಿಯಂ-24ರ ಅನುಪಾತ 300 ಇರುವ ಶುದ್ಧ ಅನಾರ್ಥೈಟ್‌ನಲ್ಲಿ ಮೆಗ್ನೀಸಿಯಂನ ಒಂದು ಪರಮಾಣುವಿಗೆ ಸುಮಾರು 118 ಕ್ಯಾಲ್ಸಿಯಂ ಪರಮಾಣುಗಳಿರುತ್ತವೆ. ಕ್ಯಾಲ್ಸಿಯಂ-48 ಒಟ್ಟು ಕ್ಯಾಲ್ಸಿಯಂನಲ್ಲಿ ಶೇಕಡ 0.19ರಷ್ಟೇ ಇದ್ದರೂ, ಲೆಕ್ಕ ಹಾಕಿದರೆ ಅದು ಮೆಗ್ನೀಸಿಯಂ-24ರ ಕಾಲುಭಾಗಕ್ಕಿಂತ ಹೆಚ್ಚು, ಸುಮಾರು 0.28 ಪಾಲು. ಎರಡೂ ಧಾತುಗಳು ಒಂದೇ ದಕ್ಷತೆಯಲ್ಲಿ ಅಯಾನುಗಳಾಗುತ್ತವೆ ಎಂದು ಭಾವಿಸಿ, ಸಾವಿರ ಕ್ಯಾಲ್ಸಿಯಂ-48 ಪರಮಾಣುಗಳಲ್ಲಿ ಒಂದು ಮಾತ್ರ ಎರಡು ಆವೇಶದೊಂದಿಗೆ ಡಿಟೆಕ್ಟರಿಗೆ ಬಂದರೂ ಹುಸಿ ಹೆಚ್ಚಳ 0.27 ಪರ್ ಮಿಲ್ ಆಗುತ್ತದೆ. ಮೇಲೆ ಹೇಳಿದ ಆಂಗ್ರೈಟ್‌ನ 1.1 ಪರ್ ಮಿಲ್‌ಗೆ ಇದು ಸೇರಿದರೆ ರೇಖೆಯ ಇಳಿಜಾರು (ಹರಳುಗಟ್ಟಿದಾಗ ಎಷ್ಟು ಅಲ್ಯೂಮಿನಿಯಂ-26 ಉಳಿದಿತ್ತೆಂದು ತಿಳಿಸುವುದು ಇದೇ) ಕಾಲುಭಾಗ ಹೆಚ್ಚುತ್ತದೆ, ಶಿಲೆ ಸುಮಾರು 2.3 ಲಕ್ಷ ವರ್ಷ ಮೊದಲೇ ಹರಳುಗಟ್ಟಿತೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಇದು ನಿಜವಾಗಿಯೇ ನಡೆಯಿತು. ಮೆಗ್ನೀಸಿಯಂ ತುಂಬಿದ ಆಲಿವೀನ್ ಖನಿಜದ ಮಾನಕ ಶೂನ್ಯ ಹೆಚ್ಚಳವನ್ನೇ ಕೊಡುತ್ತಿತ್ತು, ಭೂಮಿಯ ಪ್ಲಾಜಿಯೊಕ್ಲೇಸ್ ಮಾತ್ರ ಪಟ್ಟು ಹಿಡಿದಂತೆ ಧನಾತ್ಮಕ ಮೌಲ್ಯವನ್ನೇ ತೋರಿಸುತ್ತಿತ್ತು. ಪ್ಲಾಜಿಯೊಕ್ಲೇಸ್‌ನಲ್ಲಿ ಸಂಕೇತ ದುರ್ಬಲವಾದ್ದರಿಂದ ಡಿಟೆಕ್ಟರಿನ ಮೇಲೆ ಅನುಮಾನ ಬಂತು. ಇಡೀ ಒಂದು ದಿನ, ಅಯಾನುಗಳನ್ನು ಒಂದೊಂದಾಗಿ ಎಣಿಸುವ ಡಿಟೆಕ್ಟರಾದ ಎಲೆಕ್ಟ್ರಾನ್ ಮಲ್ಟಿಪ್ಲೈಯರ್‌ನ ಹಿಂದೆ ಬಿದ್ದು ಏನೂ ಸಿಗಲಿಲ್ಲ. ಪೀಕ್‌ಗಳ ಸ್ಕ್ಯಾನ್ ನೋಡಿದಾಗ ಎಲ್ಲವೂ ಸ್ವಚ್ಛವಾಗಿಯೇ ಇತ್ತು. ಆ ಸ್ಕ್ಯಾನನ್ನು ತೆಗೆದದ್ದು ಆಲಿವೀನ್ ಮೇಲೆ ಎಂಬುದು ನಮಗೆ ಹೊಳೆದದ್ದು ಸಂಜೆಯ ಹೊತ್ತಿಗೆ. ಆಲಿವೀನ್‌ನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಹೀಗಿರುವಾಗ ಕ್ಯಾಲ್ಸಿಯಂನ ಪೀಕ್ ಅಲ್ಲಿ ಕಾಣುವುದಾದರೂ ಹೇಗೆ? ಪ್ಲಾಜಿಯೊಕ್ಲೇಸ್ ಮೇಲೆ ಮತ್ತೆ ಸ್ಕ್ಯಾನ್ ಮಾಡಿ, ಲಂಬ ಅಕ್ಷವನ್ನು ಲಾಗರಿದಮ್ ಮಾನಕ್ಕೆ ಬದಲಿಸಿದಾಗ 24ರ ಪೀಕಿನ ಎಡಗಡೆ ಸಣ್ಣ ಭುಜವೊಂದು ಎದ್ದು ನಿಂತಿತ್ತು. ಹಿಂದಿನ ಬಳಕೆಗೆಂದು ಅಗಲಗೊಳಿಸಿದ ಸ್ಲಿಟ್ಟನ್ನು ಯಾರೂ ಮೊದಲಿನ ಅಳತೆಗೆ ತಂದಿರಲಿಲ್ಲ.

ಈ ಅನುಭವದಿಂದ ಪಾಲಿಸುತ್ತಾ ಬಂದ ಕ್ರಮವೆಂದರೆ, ಸ್ಕ್ಯಾನನ್ನು ಯಾವಾಗಲೂ ಅಳೆಯಲಿರುವ ಖನಿಜದ ಮೇಲೆಯೇ, ಲಾಗರಿದಮ್ ಮಾನದಲ್ಲಿಯೇ ನೋಡಬೇಕು. ಭುಜ ಕಂಡರೆ ಸ್ಲಿಟ್ ಕಿರಿದು ಮಾಡಿ, ಪೀಕಿನ ಮೇಲ್ಭಾಗದ ಸಮತಟ್ಟಿನಲ್ಲಿ ಭಾರದ ಅಂಚಿನ ಕಡೆಗೆ ಸ್ವಲ್ಪ ಸರಿದು ಅಳೆಯಬೇಕು. ಅದು ಸಾಧ್ಯವಾಗದಿದ್ದಲ್ಲಿ ಕ್ಯಾಲ್ಸಿಯಂ-40ರ ಎರಡಾವೇಶದ ಅಯಾನನ್ನು 20ರ ಸ್ಥಾನದ ಬಳಿ ಅಳೆದು, ಅದರಿಂದ 48ರ ಪಾಲನ್ನು ಲೆಕ್ಕ ಹಾಕಿ ಕಳೆಯಬಹುದು. ನನ್ನ ಮಟ್ಟಿಗೆ ಅದು ಕೊನೆಯ ದಾರಿ. ತಿದ್ದುಪಡಿಯ ಗಾತ್ರ ಅಳೆಯಬೇಕಾದ ಹೆಚ್ಚಳದ ಗಾತ್ರಕ್ಕೆ ಸಮೀಪಿಸಿದರೆ ಆ ಫಲಿತಾಂಶವನ್ನು ನಾನು ಬಳಸುವುದಿಲ್ಲ. ಟೈಟಾನಿಯಂ ಹೆಚ್ಚಿರುವ ಖನಿಜವಾದ ಫಾಸೈಟ್ ಪೈರಾಕ್ಸೀನ್‌ನಲ್ಲಿ ಟೈಟಾನಿಯಂ-48 ಇದೇ ಆಟ ಆಡುತ್ತದೆ. ಅದರ ದೂರ ಹೆಚ್ಚು, 2,170ರ ವಿಭೇದನ ಶಕ್ತಿ ಸಾಕಾಗುತ್ತದೆ. ಸ್ಪಿನೆಲ್‌ನಲ್ಲಿ ಕ್ರೋಮಿಯಂ ಇದ್ದರೆ ಎರಡಾವೇಶದ ಕ್ರೋಮಿಯಂ-52 ನೇರವಾಗಿ 26ರ ಪಕ್ಕಕ್ಕೆ ಬರುತ್ತದೆ, ಅದಕ್ಕೆ ಸುಮಾರು 2,110 ಸಾಕು.

25ರ ಮೇಲಿನ ಹುಸಿ ಸಂಕೇತ: ಹೈಡ್ರೈಡ್

ಹೆಚ್ಚಳ ಋಣಾತ್ಮಕವಾಗಿ, ಡೆಲ್ಟಾ-25 ಅದರ ಅರ್ಧದಷ್ಟು ಧನಾತ್ಮಕವಾಗಿ ಚಲಿಸುತ್ತಿದ್ದರೆ ಮೊದಲ ಅನುಮಾನ ಮೆಗ್ನೀಸಿಯಂ-24ಕ್ಕೆ ಹೈಡ್ರೋಜನ್ ಅಂಟಿಕೊಂಡ ಅಯಾನಿನ ಮೇಲೆ ಇರಬೇಕು. ಮೆಗ್ನೀಸಿಯಂ-25ರಿಂದ ಅದನ್ನು ಬಿಡಿಸಲು ಸುಮಾರು 3,550ರ ವಿಭೇದನ ಶಕ್ತಿ ಬೇಕು. ಅಯಾನುಗಳ ವಿದ್ಯುತ್ ಪ್ರವಾಹವನ್ನು ಅಳೆಯುವ ಫ್ಯಾರಡೆ ಕಪ್‌ಗಳಲ್ಲಿ ಮೂರೂ ಐಸೊಟೋಪುಗಳನ್ನು ಏಕಕಾಲಕ್ಕೆ ಹಿಡಿಯುವಾಗ ಅಗಲವಾದ, ಸಮತಟ್ಟಾದ ಪೀಕ್ ಬೇಕೆಂದು ಇದಕ್ಕಿಂತ ಕಡಿಮೆ ವಿಭೇದನದಲ್ಲಿ ಕೆಲಸ ಮಾಡುವುದುಂಟು. ಆಗ ಹೈಡ್ರೈಡನ್ನು ದೂರವಿಡುವುದು ಸ್ಲಿಟ್ ಅಲ್ಲ, ನಿರ್ವಾತ.

24 ಐಸೊಟೋಪು 25ರ ಸುಮಾರು ಎಂಟು ಪಟ್ಟು ಇರುವುದರಿಂದ ಹತ್ತು ಸಾವಿರ ಮೆಗ್ನೀಸಿಯಂ-24 ಅಯಾನುಗಳಲ್ಲಿ ಒಂದಕ್ಕೆ ಹೈಡ್ರೋಜನ್ ಅಂಟಿದರೂ 25ರ ಮೇಲೆ 0.79 ಪರ್ ಮಿಲ್ ಸೇರಿಕೊಳ್ಳುತ್ತದೆ. 25ರ ಹೈಡ್ರೈಡ್ 26ರ ಮೇಲೆ ಸೇರಿಸುವುದು ಬರೀ 0.09. ಒಟ್ಟಿನಲ್ಲಿ ಹೆಚ್ಚಳ ಸುಮಾರು 1.5 ಪರ್ ಮಿಲ್ ಕುಸಿಯುತ್ತದೆ. ಸ್ಪಿನೆಲ್‌ನ 0.94 ಪರ್ ಮಿಲ್ ಇಲ್ಲಿ ಮಾಯವಾಗುವುದಷ್ಟೇ ಅಲ್ಲ, ಚಿಹ್ನೆಯನ್ನೂ ಬದಲಿಸುತ್ತದೆ.

ಹೈಡ್ರೈಡ್‌ನ ಗುರುತು ಕಾಲದಲ್ಲಿದೆ. ಹೊಸ ಮೌಂಟನ್ನು (ಮಾದರಿ ಕೂರಿಸಿದ ಬಿಲ್ಲೆಯನ್ನು) ಒಳಗಿಟ್ಟ ಮೊದಲ ಗಂಟೆಗಳಲ್ಲಿ ಅದು ಅತಿ ಹೆಚ್ಚು, ನಿರ್ವಾತ ಸುಧಾರಿಸಿದಂತೆ ಇಳಿಯುತ್ತದೆ. ಒಂದೇ ಹರಳಿನ ಮೇಲೆ ಎರಡೆರಡು ಗಂಟೆಗೊಮ್ಮೆ ಅಳೆದು, ಹೆಚ್ಚಳವು ಋಣದಿಂದ ಶೂನ್ಯದ ಕಡೆಗೆ ತೆವಳುತ್ತಿದ್ದರೆ ಬೇರೆ ಪುರಾವೆ ಬೇಡ. ಎಪಾಕ್ಸಿ ಅಂಟಿನಲ್ಲಿ ಕೂರಿಸಿದ ಮಾದರಿ ಬಹಳ ಹೊತ್ತು ಅನಿಲವನ್ನು ಬಿಡುತ್ತಿರುತ್ತದೆ. ಅಂತಹ ಮೌಂಟನ್ನು ಹಿಂದಿನ ರಾತ್ರಿಯೇ ನಿರ್ವಾತದ ಓವನ್‌ನಲ್ಲಿ ಹದವಾದ ಬಿಸಿಯಲ್ಲಿಟ್ಟು ಒಣಗಿಸಬೇಕು, ಮಾದರಿಯ ಕೋಣೆಯ ಕೋಲ್ಡ್ ಟ್ರ್ಯಾಪ್‌ಗೆ ದ್ರವ ನೈಟ್ರೋಜನ್ ತುಂಬಿಸಬೇಕು, ತುಂಬಿಸಿದ ಮೇಲೆ ಅದು ಬರಿದಾಗುವ ಸಮಯವನ್ನು ಅಳತೆಯ ಪುಸ್ತಕದಲ್ಲಿ ಬರೆಯಬೇಕು. ನಡುರಾತ್ರಿಯ ನಂತರ ಮಾತ್ರ ಕೆಟ್ಟುಹೋಗುವ ದತ್ತಾಂಶದ ರಹಸ್ಯ ಎಷ್ಟೋ ಸಲ ಖಾಲಿಯಾದ ಟ್ರ್ಯಾಪ್‌ನಲ್ಲೇ ಇರುತ್ತದೆ. ಸೀಳು ಬಿಟ್ಟ ಹರಳಿನ ಅಂಚಿನಲ್ಲಿ ಕಿರಣ ಬಿದ್ದರೆ ಕೆಳಗಿನ ಎಪಾಕ್ಸಿಯೇ ಹೈಡ್ರೋಜನ್ ಒದಗಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಸಂಕೇತದ ಬಲದೊಂದಿಗೆ ಬದಲಾಗುವ ದೋಷಗಳು

ಪ್ರಾಥಮಿಕ ಕಿರಣವನ್ನು ಅರ್ಧ, ಕಾಲು, ಎರಡು ಪಟ್ಟು ಹೀಗೆ ಬದಲಿಸುತ್ತಾ ಒಂದೇ ಸಮರೂಪದ ಮಾನಕವನ್ನು ಅಳೆದರೆ ಡಿಟೆಕ್ಟರಿನ ದೋಷಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಸಂಕೇತ ಹೆಚ್ಚಿದಂತೆ ದೋಷ ಹೆಚ್ಚುತ್ತಿದ್ದರೆ ಅದು ಎಲೆಕ್ಟ್ರಾನ್ ಮಲ್ಟಿಪ್ಲೈಯರ್‌ನ ಡೆಡ್ ಟೈಮ್. ಒಂದು ಅಯಾನನ್ನು ಎಣಿಸುತ್ತಿರುವ ಕೆಲವು ಹತ್ತು ನ್ಯಾನೊಸೆಕೆಂಡುಗಳಲ್ಲಿ ಬಂದ ಮತ್ತೊಂದು ಅಯಾನು ಎಣಿಕೆಗೆ ಸಿಗುವುದಿಲ್ಲ. ಸೆಕೆಂಡಿಗೆ 2 ಲಕ್ಷ ಎಣಿಕೆಯಲ್ಲಿ 24 ಐಸೊಟೋಪು ಬರುತ್ತಿರುವಾಗ ಡೆಡ್ ಟೈಮನ್ನು ಬರೀ 5 ನ್ಯಾನೊಸೆಕೆಂಡು ಕಡಿಮೆ ಹಿಡಿದಿದ್ದರೆ 24ರಲ್ಲಿ ಒಂದು ಪರ್ ಮಿಲ್ ಕೊರತೆ ಬೀಳುತ್ತದೆ. ಎಣಿಕೆ ಕಡಿಮೆಯಿರುವ 25 ಮತ್ತು 26ಕ್ಕೆ ಅದರ ಏಳೆಂಟನೇ ಒಂದು ಪಾಲು ಮಾತ್ರ ತಟ್ಟುತ್ತದೆ. ಕೊನೆಗೆ ಹೆಚ್ಚಳ 0.85 ಪರ್ ಮಿಲ್ ಕೆಳಗೆ ಹೋಗುತ್ತದೆ. ಮಲ್ಟಿಪ್ಲೈಯರ್ ಹಳತಾದಂತೆ ಪಲ್ಸ್‌ಗಳ ಎತ್ತರ ಕುಗ್ಗಿ ಎಣಿಕೆ ತಪ್ಪುವುದೂ ಸೇರಿಕೊಳ್ಳುವುದರಿಂದ, ಡೆಡ್ ಟೈಮನ್ನು ಮುಟ್ಟುವ ಮೊದಲು ಪಲ್ಸ್ ಎತ್ತರದ ಹಂಚಿಕೆಯನ್ನು ನೋಡಿ ವೋಲ್ಟೇಜ್ ಸರಿಪಡಿಸಬೇಕು. ಕ್ರಮ ತಪ್ಪಿದರೆ ಒಂದು ದೋಷವನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ.

ಸಂಕೇತ ಕಡಿಮೆಯಾದಂತೆ ದೋಷ ದೊಡ್ಡದಾಗುತ್ತಿದ್ದರೆ ಅದು ಫ್ಯಾರಡೆ ಕಪ್‌ನ ಬೇಸ್‌ಲೈನ್, ಅಂದರೆ ಅಯಾನುಗಳು ಬೀಳದಿದ್ದಾಗಲೂ ಕಪ್ ತೋರಿಸುವ ಸಂಕೇತ. ಒಂದರ ಮುಂದೆ ಹನ್ನೊಂದು ಸೊನ್ನೆಗಳಷ್ಟು ಓಮ್‌ನ ರೆಸಿಸ್ಟರ್ ಇರುವ ಕಪ್‌ನಲ್ಲಿ 24ರ ಸಂಕೇತ 100 ಮಿಲಿವೋಲ್ಟ್ ಇದ್ದರೆ 25ರದು ಸುಮಾರು 12.7 ಮಿಲಿವೋಲ್ಟ್ ಮಾತ್ರ. ಆ ಕಪ್‌ನ ಬೇಸ್‌ಲೈನ್ 10 ಮೈಕ್ರೊವೋಲ್ಟ್ ತಪ್ಪಿದ್ದರೆ ಡೆಲ್ಟಾ-25 0.79 ಏರಿ, ಹೆಚ್ಚಳ 1.5 ಪರ್ ಮಿಲ್‌ಗಿಂತ ತುಸು ಜಾಸ್ತಿಯೇ ಇಳಿಯುತ್ತದೆ. ಇದು ಹೈಡ್ರೈಡ್‌ನ ಗುರುತನ್ನೇ ಹೋಲುವುದರಿಂದ ಇವೆರಡನ್ನು ಗೊಂದಲ ಮಾಡಿಕೊಳ್ಳುವುದು ಸುಲಭ. ವ್ಯತ್ಯಾಸ ತಿಳಿಯಲು ಕಿರಣದ ಬಲವನ್ನು ಬದಲಿಸಿದರೆ ಸಾಕು: ನಿರ್ವಾತ ಸ್ಥಿರವಾಗಿದ್ದಾಗ ಹೈಡ್ರೈಡ್‌ನ ಪಾಲು ಸಂಕೇತ ಹೆಚ್ಚಿಸಿದರೆ ಹೆಚ್ಚೆಂದರೆ ನಿಧಾನವಾಗಿ ತಗ್ಗೀತು, ಬೇಸ್‌ಲೈನ್ ದೋಷ ನೇರ ವಿಲೋಮ ಅನುಪಾತದಲ್ಲಿ ಕುಗ್ಗುತ್ತದೆ. ಬೇಸ್‌ಲೈನನ್ನು ದಿನಕ್ಕೊಮ್ಮೆ ಅಳೆದು ಸುಮ್ಮನಾಗುವ ಬದಲು ಪ್ರತಿ ಅಳತೆಗೂ ಮೊದಲು ಕಿರಣವನ್ನು ತಡೆದು ಅಳೆಯುವುದೇ ಮೇಲು. ಅದಕ್ಕೆ ಹೋಗುವ ಸಮಯದ ಬಗ್ಗೆ ಜಿಪುಣತನ ಬೇಡ.

ಇಲ್ಲಿಯೇ ಯಂತ್ರದ್ದಲ್ಲದ, ಲೆಕ್ಕದ ದೋಷವೊಂದಿದೆ. ಎಣಿಕೆ ತೀರಾ ಕಡಿಮೆಯಿದ್ದಾಗ ಪ್ರತಿ ಸುತ್ತಿನ ಅನುಪಾತವನ್ನು ಬೇರೆಬೇರೆ ತೆಗೆದು ಅವುಗಳ ಸರಾಸರಿ ಹಿಡಿದರೆ ಉತ್ತರ ಮೇಲ್ಮುಖವಾಗಿ ವಾಲುತ್ತದೆ. ಛೇದದಲ್ಲಿರುವ 24ರ ಎಣಿಕೆ ಸುತ್ತಿಗೆ 1,000 ಇದ್ದರೆ ಆ ವಾಲುವಿಕೆ ಸುಮಾರು ಒಂದು ಪರ್ ಮಿಲ್. ಎಲ್ಲ ಸುತ್ತುಗಳ ಎಣಿಕೆಯನ್ನು ಒಟ್ಟು ಕೂಡಿಸಿ ಕೊನೆಗೆ ಒಂದೇ ಸಲ ಭಾಗಿಸಿದರೆ ಅದು ಬಹುತೇಕ ಇಲ್ಲವಾಗುತ್ತದೆ. ಮೆಗ್ನೀಸಿಯಂ ಅತಿ ವಿರಳವಾದ ಪ್ಲಾಜಿಯೊಕ್ಲೇಸ್ ಮತ್ತು ಹಿಬೊನೈಟ್ ಖನಿಜಗಳನ್ನು ಅಳೆಯುವವರು ಹಳೆಯ ಲೆಕ್ಕದ ಪ್ರೋಗ್ರಾಮನ್ನು ಕಣ್ಣುಮುಚ್ಚಿ ಬಳಸುವ ಮೊದಲು ಅದು ಭಾಗಿಸುವುದು ಎಲ್ಲಿ ಎಂದು ತೆರೆದು ನೋಡಬೇಕು.

ಅಡ್ಡ ಅಕ್ಷದ ದೋಷ

ಐಸೊಟೋಪುಗಳೆಲ್ಲ ಸರಿಯಿದ್ದು ರೇಖೆಯ ಇಳಿಜಾರು ಮಾತ್ರ ಒಪ್ಪದಿದ್ದರೆ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಅನುಪಾತವನ್ನೇ ಅನುಮಾನಿಸಬೇಕು. ಎರಡು ಧಾತುಗಳೂ ಒಂದೇ ಸುಲಭದಲ್ಲಿ ಅಯಾನುಗಳಾಗುವುದಿಲ್ಲ, ಆ ವ್ಯತ್ಯಾಸವೂ ಖನಿಜದಿಂದ ಖನಿಜಕ್ಕೆ ಬೇರೆ. ಸ್ಪಿನೆಲ್‌ನ ಗುಣಾಂಕವನ್ನು ಅನಾರ್ಥೈಟ್‌ಗೆ ಹಚ್ಚುವುದು ತಪ್ಪು. ಗುಣಾಂಕದಲ್ಲಿ ಶೇಕಡ 5ರಷ್ಟು ತಪ್ಪಿದರೆ ಕಾಲಮಾನ ಸುಮಾರು 50 ಸಾವಿರ ವರ್ಷ ಸರಿಯುತ್ತದೆ. ಅನಾರ್ಥೈಟ್ ಮಾನಕದಲ್ಲಿ ಮೆಗ್ನೀಸಿಯಂ ಅತ್ಯಲ್ಪವಾದ್ದರಿಂದ ಎಲೆಕ್ಟ್ರಾನ್ ಪ್ರೋಬ್‌ನ (ಎಲೆಕ್ಟ್ರಾನು ಕಿರಣದಿಂದ ಖನಿಜದ ಸಂಯೋಜನೆ ಅಳೆಯುವ ಯಂತ್ರದ) ಅಳತೆಯೇ ಅಷ್ಟು ನಿಖರವಾಗಿರುವುದಿಲ್ಲ. ಆದ್ದರಿಂದ ಮಾನಕದ ಸಂಯೋಜನೆಯನ್ನು ಹೆಚ್ಚು ಹೊತ್ತು ಎಣಿಸಿ ಖಚಿತಪಡಿಸಿಕೊಳ್ಳಬೇಕು.

ಮತ್ತೆರಡು ಸಣ್ಣ ಕಾರಣಗಳು. ಅಲ್ಯೂಮಿನಾ ಪುಡಿಯಿಂದ ಹೊಳಪು ಕೊಟ್ಟ ಮಾದರಿಯ ಸೀಳುಗಳಲ್ಲಿ ಅದರ ಕಣಗಳು ಸಿಕ್ಕಿಕೊಂಡಿದ್ದರೆ ಅಲ್ಯೂಮಿನಿಯಂ ಹುಸಿಯಾಗಿ ಏರುತ್ತದೆ. ವಜ್ರದ ಪೇಸ್ಟ್ ಬಳಸಿದರೆ ಈ ಚಿಂತೆ ತಪ್ಪುತ್ತದೆ. ಇನ್ನೊಂದು, ಬಿಳಿಯ ತುಣುಕುಗಳ ಮೆಲಿಲೈಟ್ ಮತ್ತು ಅನಾರ್ಥೈಟ್‌ನ ಒಳಗೆ ಸ್ಪಿನೆಲ್‌ನ ಪುಟ್ಟ ಹರಳುಗಳು ಹುದುಗಿರುವುದು ಸಾಮಾನ್ಯ. ಮೇಲ್ಮೈಯಲ್ಲಿ ಕಾಣದಿದ್ದ ಸ್ಪಿನೆಲ್ ಕೊರೆಯುತ್ತಾ ಹೋದಂತೆ ಎದುರಾಗಿ ಮೆಗ್ನೀಸಿಯಂ ಥಟ್ಟನೆ ಜಿಗಿಯುತ್ತದೆ. ಸುತ್ತಿನಿಂದ ಸುತ್ತಿಗೆ ಅನುಪಾತ ಹೇಗೆ ಬದಲಾಯಿತೆಂದು ನೋಡಿದರೆ ಮೆಟ್ಟಿಲಿನಂತಹ ಕುಸಿತ ಸ್ಪಷ್ಟವಾಗಿ ತೋರುತ್ತದೆ. ಅಳತೆ ಮುಗಿದ ಮೇಲೆ ಪ್ರತಿ ಗುಳಿಯನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡದೆ ಬಿಂದುವನ್ನು ನಕ್ಷೆಗೆ ಏರಿಸಬಾರದು. ಗುಳಿ ಸ್ವಚ್ಛವಾಗಿದ್ದೂ ಬಿಂದು ರೇಖೆಯಿಂದ ಕೆಳಗಿದ್ದರೆ ಆಗ ಯಂತ್ರವನ್ನು ದೂರಬೇಕಿಲ್ಲ. ಉಲ್ಕೆಯ ತಾಯಿಕಾಯದಲ್ಲಿ ಶಿಲೆ ಮತ್ತೆ ಬಿಸಿಯಾದಾಗ ಪ್ಲಾಜಿಯೊಕ್ಲೇಸ್‌ನಿಂದ ಮೆಗ್ನೀಸಿಯಂ ಸುಲಭವಾಗಿ ವಿಸರಣಗೊಳ್ಳುತ್ತದೆ, ಅದು ಖನಿಜದ ಚರಿತ್ರೆ.

ಬೇರ್ಪಡಿಕೆಯ ಘಾತಾಂಕ

ಡೆಲ್ಟಾ-25 ಶೂನ್ಯದ ಸಮೀಪವಿದ್ದಾಗ 0.511 ಬಳಸಿದರೂ ಸಮತೋಲನದ 0.521 ಬಳಸಿದರೂ ವ್ಯತ್ಯಾಸ ನಗಣ್ಯ. ಆದರೆ ಕರಗಿದ ಸ್ಥಿತಿಯಲ್ಲಿ ಆವಿಯಾಗಿ ಹಗುರ ಐಸೊಟೋಪುಗಳನ್ನು ಕಳೆದುಕೊಂಡ ತುಣುಕುಗಳಲ್ಲಿ ಡೆಲ್ಟಾ-25 10 ಪರ್ ಮಿಲ್‌ವರೆಗೆ ಏರಿದ್ದರೆ, ಈ ಎರಡು ಘಾತಾಂಕಗಳ ನಡುವೆ ಹೆಚ್ಚಳ 0.38 ಪರ್ ಮಿಲ್ ಬೇರೆಯಾಗುತ್ತದೆ. ಆವಿಯಾಗುವಿಕೆಯ ಪ್ರಯೋಗಗಳಿಂದ ಬಂದ ಮೌಲ್ಯ 0.513ರ ಹತ್ತಿರವಿದೆ, ಅಂತಹ ಮಾದರಿಗಳಿಗೆ ಅದನ್ನೇ ಬಳಸುವುದು ನ್ಯಾಯ. ಯಂತ್ರದ ಬೇರ್ಪಡಿಕೆಯನ್ನೂ ಮಾದರಿಯದ್ದನ್ನೂ ಒಂದೇ ಘಾತಾಂಕದಿಂದ ಒಟ್ಟಿಗೆ ಕಳೆಯಬಾರದು. ಮೊದಲು ಮಾನಕಗಳ ಮೂಲಕ ಯಂತ್ರದ್ದನ್ನು ತೆಗೆದು, ಆಮೇಲೆ ಮಾದರಿಯದ್ದನ್ನು ತೆಗೆಯಬೇಕು.

ದ್ರಾವಣದ ವಿಧಾನದಲ್ಲಿ

ಖನಿಜವನ್ನು ಆಮ್ಲದಲ್ಲಿ ಕರಗಿಸಿ, ಮೆಗ್ನೀಸಿಯಂ ಬೇರ್ಪಡಿಸಿ, ಬಹುಸಂಗ್ರಾಹಕ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುವಾಗ ದೋಷಗಳು ಬಹುಪಾಲು ಯಂತ್ರಕ್ಕೆ ಮೊದಲೇ, ರಾಳದ ಕಾಲಮ್‌ನಲ್ಲಿ ಹುಟ್ಟುತ್ತವೆ. ಧನ ಅಯಾನುಗಳನ್ನು ಹಿಡಿದಿಡುವ ರಾಳದಿಂದ ಮೆಗ್ನೀಸಿಯಂನ ಭಾರದ ಐಸೊಟೋಪುಗಳು ಮೊದಲು ಹೊರಬರುತ್ತವೆ. ಹಾಗಾಗಿ ಸಂಗ್ರಹವನ್ನು ಬೇಗ ನಿಲ್ಲಿಸಿದರೆ ಮಾದರಿ ಭಾರವಾಗಿಯೂ, ತಡವಾಗಿ ಆರಂಭಿಸಿದರೆ ಹಗುರವಾಗಿಯೂ ತೋರುತ್ತದೆ. ಸಂಗ್ರಹದ ಹಿಂದಿನ ಮತ್ತು ಮುಂದಿನ ಹನಿಗಳನ್ನೂ ಹಿಡಿದು ಅವುಗಳಲ್ಲಿ ಮೆಗ್ನೀಸಿಯಂ ಉಳಿದಿದೆಯೇ ಎಂದು ಪ್ರತಿ ಸಲ ನೋಡಬೇಕು. ಈ ನಷ್ಟ ದ್ರವ್ಯರಾಶಿಗೆ ಅನುಗುಣವಾದ್ದರಿಂದ ಹೆಚ್ಚಳಕ್ಕೆ ಅಷ್ಟಾಗಿ ಧಕ್ಕೆಯಿಲ್ಲ, ಡೆಲ್ಟಾಗಳಿಗೆ ಮಾತ್ರ ಅರ್ಥವಿರುವುದಿಲ್ಲ.

ಹೆಚ್ಚಳಕ್ಕೇ ಧಕ್ಕೆ ತರುವುದು ಕಾಲಮ್‌ನಿಂದ ಜೊತೆಗೆ ಜಾರಿ ಬಂದ ಕ್ಯಾಲ್ಸಿಯಂ ಮತ್ತು ಟೈಟಾನಿಯಂ, ಹಾಗೂ ರಾಳದ ಸಾವಯವ ಅವಶೇಷ. ಆ ಅವಶೇಷದ ಇಂಗಾಲ ಪ್ಲಾಸ್ಮಾದಲ್ಲಿ ಜೋಡಿಯಾಗಿ 24ರ ಮೇಲೂ, ನೈಟ್ರೋಜನ್ ಜೊತೆ ಸೇರಿ 26ರ ಮೇಲೂ ಬಂದು ಕೂರುತ್ತದೆ, ಎರಡೂ ಹೆಚ್ಚಳವನ್ನು ಮೇಲಕ್ಕೇ ತಳ್ಳುತ್ತವೆ. ಕಾಲಮ್ ಮುಗಿದ ಮೇಲೆ ಮಾದರಿಯನ್ನು ನೈಟ್ರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಾಯಿಸಿ ಒಣಗಿಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಮಾದರಿ ಮತ್ತು ಮಾನಕದ ದ್ರಾವಣಗಳಲ್ಲಿ ಮೆಗ್ನೀಸಿಯಂನ ಸಾಂದ್ರತೆಯೂ ಆಮ್ಲದ ಬಲವೂ ಸಮನಾಗಿರಬೇಕು, ಎರಡನ್ನೂ ಒಂದೇ ಬಾಟಲಿಯ ಆಮ್ಲದಿಂದ ತೆಳುಗೊಳಿಸುವುದು ಒಳ್ಳೆಯದು. ಇಡೀ ಸರಣಿಯನ್ನು ಪರೀಕ್ಷಿಸಲು ಸಮುದ್ರದ ನೀರಿನಷ್ಟು ಅಗ್ಗದ, ನಂಬಿಕಸ್ಥ ಮಾದರಿ ಬೇರೆಯಿಲ್ಲ. ಉಪ್ಪಿನ ರಾಶಿಯ ನಡುವಿನಿಂದ ಮೆಗ್ನೀಸಿಯಂ ಬೇರ್ಪಡಿಸಿದ ಮೇಲೂ ಅದರ ಡೆಲ್ಟಾ-26, ಡಿಎಸ್ಎಂ-3 ಎಂಬ ಮೆಗ್ನೀಸಿಯಂ ದ್ರಾವಣದ ಮಾನಕಕ್ಕೆ ಹೋಲಿಸಿದಾಗ −0.83ರ ಹತ್ತಿರ, ಹೆಚ್ಚಳ ಶೂನ್ಯದಲ್ಲಿ ಬರಬೇಕು. ಹಳೆಯ ಎಸ್ಆರ್‌ಎಂ-980 ಮಾನಕದ ಮೆಗ್ನೀಸಿಯಂ ಲೋಹದ ಚೂರುಗಳು ಒಂದರಂತೆ ಒಂದಿಲ್ಲವೆಂದು ತಿಳಿದ ಮೇಲೆ ಡೆಲ್ಟಾಗಳಿಗೆ ಅದನ್ನು ಆಧಾರವಾಗಿ ಹಿಡಿಯುವುದು ನಿಂತಿದೆ. ಹಳೆಯ ಅಂಕಿಗಳ ಜೊತೆ ಹೋಲಿಸುವಾಗ ಯಾವ ಮಾನಕಕ್ಕೆ ಹೋಲಿಸಿದ್ದೆಂದು ಮೊದಲು ನೋಡಬೇಕು.

ದೋಷ ಸಿಕ್ಕ ಮೇಲೆ

ದುರಸ್ತಿಯಾದ ನಂತರ ಮೊದಲು ಅಳೆಯಬೇಕಾದದ್ದು ಉಲ್ಕಾಶಿಲೆಯಲ್ಲ. ಅಲ್ಯೂಮಿನಿಯಂ ಅನುಪಾತ ಕಡಿಮೆಯಿರುವ ಆಲಿವೀನ್, ನಡುವಿನ ಸ್ಪಿನೆಲ್, ಅತಿ ಹೆಚ್ಚಿರುವ ಪ್ಲಾಜಿಯೊಕ್ಲೇಸ್, ಈ ಮೂರೂ ಭೂಮಿಯವೇ ಆಗಿರುವ ಮಾನಕಗಳನ್ನು ಒಂದೇ ಸ್ಥಿತಿಯಲ್ಲಿ ಅಳೆದು, ಅವುಗಳ ಹೆಚ್ಚಳವನ್ನು ಅನುಪಾತದ ಎದುರು ನಕ್ಷೆಯಲ್ಲಿಟ್ಟು, ರೇಖೆ ಶೂನ್ಯದಲ್ಲಿ ಅಡ್ಡಕ್ಕೆ ಮಲಗಿದೆಯೇ ಎಂದು ನೋಡಬೇಕು. ಅದು ದೋಷದ ವ್ಯಾಪ್ತಿಯೊಳಗೆ ಸಮತಟ್ಟಾಗಿದ್ದರೆ ಮಾತ್ರ ಉಲ್ಕೆಯ ಹರಳಿನ ಮೇಲೆ ಕಿರಣ ಹಾಯಿಸಬೇಕು.

ಮೇಲೆ ಹೇಳಿದ ಪ್ರಸಂಗದಲ್ಲಿ ಸ್ಲಿಟ್ ಕಿರಿದು ಮಾಡಿದ ಮೇಲೆ ಸಂಕೇತ ಸುಮಾರು ಮೂರನೇ ಒಂದರಷ್ಟು ಇಳಿಯಿತು, ಭೂಮಿಯ ಪ್ಲಾಜಿಯೊಕ್ಲೇಸ್ ಶೂನ್ಯಕ್ಕೆ ಬಂದು ನಿಂತಿತು. ಅದಕ್ಕೂ ಮೊದಲು ಅಗಲ ಸ್ಲಿಟ್‌ನಲ್ಲಿ ಅಳೆದಿದ್ದ ಉಲ್ಕೆಯ ಬಿಂದುಗಳನ್ನು ಮಾನಕದ ಅಂಕಿ ಹಿಡಿದು ತಿದ್ದಬಹುದಲ್ಲ ಎಂಬ ಮಾತು ಬಂತು. ಆದರೆ ಆ ಎರಡು ರಾತ್ರಿಗಳಲ್ಲಿ ಅಯಸ್ಕಾಂತ ಯಾವಾಗ ಎಷ್ಟು ಜಾರಿತ್ತೆಂಬ ದಾಖಲೆ ನಮ್ಮ ಬಳಿ ಇರಲಿಲ್ಲ. ಬಿಂದುಗಳನ್ನೆಲ್ಲ ಕೈಬಿಟ್ಟು, ಅದೇ ಹರಳುಗಳಲ್ಲಿ ಹಳೆಯ ಗುಳಿಗಳ ಪಕ್ಕ ಉಳಿದಿದ್ದ ಕಿರಿದಾದ ಜಾಗದಲ್ಲಿ ಮತ್ತೆ ಕೊರೆಯಬೇಕಾಯಿತು. ಎರಡು ಹರಳುಗಳಲ್ಲಿ ಆ ಜಾಗವೂ ಉಳಿದಿರಲಿಲ್ಲ.